ಪುಟ ನುಂಗಿದ ಒಂದೂವರೆ ಸಾಲು

ಈಗ ನಮ್ಮ ಕಸುಬಿಗೆ ಇಳಿಯುವ ಹುಡುಗ ಹುಡುಗಿಯರಿಗೆ ಒಂದು ಸಂಗತಿ ಮೊದಲೇ ತಿಳಿದಿರಲಿ: ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಪರದೆಯ ಮೇಲಿನ ಪಾಠಗಳನ್ನು ತಿದ್ದಿ ನಿವೃತ್ತಳಾದ ಈ ಸುಮಂಗಲಾ ಕಂಪ್ಯೂಟರ್ ಓದಿದವಳಲ್ಲ. ಆಗಿನ ಬಿಜಾಪುರದಲ್ಲಿ ಕನ್ನಡ ಮುಖ್ಯ ವಿಷಯವಾಗಿ ಬಿ.ಎ. ಮುಗಿಸಿ, ಮದುವೆಯಾಗಿ ಡೊಂಬಿವಲಿಗೆ ಬಂದವಳು. ನೀವು ಒಂದು ಗುಂಡಿ ಒತ್ತಿದರೆ ಪ್ರೋಗ್ರಾಂ ತಾನೇ ಬಣ್ಣ ಬಳಿದುಕೊಂಡು ಪುಟದ ಮೇಲೆ ಅಚ್ಚುಕಟ್ಟಾಗಿ ಕೂರುತ್ತದೆ. ನಮ್ಮ ಕಾಲದಲ್ಲಿ ಅದನ್ನು ಇದ್ದದ್ದು ಇದ್ದ ಹಾಗೆ ತೋರಿಸುವುದೇ ಒಂದು ಉದ್ಯೋಗವಾಗಿತ್ತು. ಅದರಲ್ಲೂ ನಾವು ಎಡವಿದ್ದೆವು.

ಕಚೇರಿ ಠಾಣೆ ಊರಿನ ರೈಲ್ವೆ ಸ್ಟೇಷನ್ನಿನ ಹತ್ತಿರ, ಒಂದು ಸೀರೆ ಅಂಗಡಿಯ ಮೇಲಿನ ಎರಡು ಕೋಣೆ. ಅಂಚೆಯ ಮೂಲಕ ಕಂಪ್ಯೂಟರ್ ಕಲಿಸುವ ಸಂಸ್ಥೆ ಅದು. ನಡೆಸುತ್ತಿದ್ದವರು ಶೆಣೈ ಸರ್, ಮಂಗಳೂರಿನ ಕಡೆಯವರು. ಯಾವಾಗಲೂ ಟೈ ಕಟ್ಟುತ್ತಿದ್ದರು; ಸೆಖೆಗೆ ಅದನ್ನು ಸಡಿಲಿಸಿ ಭುಜದ ಮೇಲೆ ಎಸೆದುಕೊಂಡು ಕೂರುತ್ತಿದ್ದರು. ಪ್ರೂಫ್ ನೋಡುವ ಕೆಲಸಕ್ಕೆ ನಾನು ಸಂದರ್ಶನಕ್ಕೆ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ:

"ನಿಮಗೆ ಸಿ ಬರ್ತದಾ?"

ಸಿ ಎಂಬ ಹೆಸರಿನ ಒಂದು ಕಂಪ್ಯೂಟರ್ ಭಾಷೆ ಇದೆಯೆಂದು ನನಗೆ ಯಾರು ಹೇಳಿದ್ದರು? "ಬರ್ತದ್ರಿ ಸರ್, ಝಡ್‌ವರೆಗೂ ಬರ್ತದ" ಎಂದೆ.

ಶೆಣೈ ಸರ್ ಎರಡು ನಿಮಿಷ ನಕ್ಕರು. ಆಮೇಲೆ ಕನ್ನಡಕ ಒರೆಸಿಕೊಂಡು, "ನೋಡಿ, ನನಗೆ ನಿಮ್ಮಂಥವರೇ ಬೇಕು. ಅರ್ಥ ಆಗುವವರು ಅರ್ಧ ಸಾಲು ಓದಿ, ಇನ್ನರ್ಧ ಸರಿ ಇರ್ತದೆ ಅಂತ ಮುಂದೆ ಹೋಗ್ತಾರೆ. ಎಂತ ಅಂತ ಗೊತ್ತಿಲ್ಲದವರು ಮಾತ್ರ ಪ್ರತಿಯೊಂದು ಚುಕ್ಕೆ ನೋಡ್ತಾರೆ" ಎಂದರು. ನನ್ನ ಅಜ್ಞಾನಕ್ಕೆ ಸಿಕ್ಕ ಮೊದಲ ಮತ್ತು ಕೊನೆಯ ನೌಕರಿ ಅದು.

ಅವರು ಹೇಳಿದ್ದು ಸುಳ್ಳೇನಲ್ಲ. ಎರಡು ವರ್ಷ ಅಚ್ಚಿನ ಪುಸ್ತಿಕೆಗಳ ಪ್ರೂಫ್ ನೋಡಿದೆ. ಅರ್ಧವಿರಾಮ ಒಂದು ತಪ್ಪಿದ್ದರೂ ಹಿಡಿಯುತ್ತಿದ್ದೆ. ಡೊಂಬಿವಲಿಯಿಂದ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನಿಂತುಕೊಂಡೇ ಪ್ರೂಫ್ ಹಿಡಿದು ಬಾಯಲ್ಲಿ ಗೊಣಗುತ್ತಿದ್ದರೆ ಪಕ್ಕದ ಹೆಂಗಸೊಬ್ಬಳು ದಿನಾ ಬಗ್ಗಿ ನೋಡುವಳು. ಒಂದು ದಿನ ತಡೆಯಲಾರದೆ, ಈ ಸ್ವೆಟರಿನ ನಮೂನೆ ನನಗೂ ಒಂದು ಝೆರಾಕ್ಸ್ ಮಾಡಿ ಕೊಡುತ್ತೀರಾ ಎಂದು ಮರಾಠಿಯಲ್ಲಿ ಕೇಳಿದಳು. ಎರಡು ಸುತ್ತು ಹಾಕು, ಒಂದು ಬಿಡು, ಮುಗಿಯುವವರೆಗೆ ಹಾಗೇ ಮಾಡು: ಪ್ರೋಗ್ರಾಂ ಎಂದರೆ ಅಷ್ಟೇ ಎಂದು ನನಗೂ ಅವತ್ತು ಸ್ವಲ್ಪ ಹೊಳೆಯಿತು.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಶೆಣೈ ಸರ್ ಒಂದು ಬೆಳಿಗ್ಗೆ ಮೋಡೆಮ್ ಹಿಡಿದು ಬಂದರು. ಅದನ್ನು ಫೋನಿಗೆ ಜೋಡಿಸಿದಾಗ ಹೊರಟ ಕಿರುಚಾಟ ಕೇಳಿ ಕೆಳಗಿನ ಸೀರೆ ಅಂಗಡಿಯವರು ಮೆಟ್ಟಿಲ ಬಳಿ ಬಂದು ನಿಂತಿದ್ದರು.

"ಇನ್ನು ಮುದ್ರಣ ಇಲ್ಲ, ಅಂಚೆ ಇಲ್ಲ. ಪಾಠ ಎಲ್ಲ ವೆಬ್ ಮೇಲೆ" ಎಂದು ಸರ್ ಘೋಷಿಸಿದರು.

ಮೊದಲ ಪಾಠವೇ ವೆಬ್ ಪುಟ ಮಾಡುವುದು ಹೇಗೆ ಎಂಬುದು. ಒಂದು ಮಾತು ದಪ್ಪ ಅಕ್ಷರದಲ್ಲಿ ಕಾಣಬೇಕಾದರೆ ಅದರ ಆಚೀಚೆ ಚೂಪು ಮೂಲೆಯ ಕಂಸಗಳೊಳಗೆ ಒಂದು ಸೂಚನೆ ಬರೆಯಬೇಕು; ಅದನ್ನು ಟ್ಯಾಗ್ ಎನ್ನುತ್ತಾರೆ. ನಾನು ಉದಾಹರಣೆಯನ್ನು ಟೈಪ್ ಮಾಡಿ, ಪುಟವನ್ನು ಬ್ರೌಸರಿನಲ್ಲಿ ತೆರೆದೆ. ಸೂಚನೆ ಮಾಯ. ಮಾತು ಮಾತ್ರ ದಪ್ಪಗೆ ಕೂತಿತ್ತು.

ಶೆಣೈ ಸರ್ ಹಿಗ್ಗಿದರು. "ಎಷ್ಟು ಚಂದ ಬಂದಿದೆ ನೋಡಿ!"

"ಸರ್, ಚಂದ ಬಂದದರಿ. ಆದ್ರ ಹೆಂಗ ಬಂತು ಅಂತ ತೋರಸೂದೇ ಪಾಠ ಅಲ್ಲೇನ್ರಿ? ಅದೇ ಕಾಣವಲ್ದು."

ಸರ್ ಪರದೆಯ ಹತ್ತಿರ ಮೂಗು ಒಯ್ದು ನೋಡಿದರು. ಅಡುಗೆ ಹೇಗೆ ಮಾಡುವುದೆಂದು ಕೇಳಿದರೆ ಬ್ರೌಸರ್ ಅಡುಗೆಯನ್ನೇ ಮಾಡಿ ಬಡಿಸಿಬಿಡುತ್ತಿತ್ತು. ಬಡಿಸುವುದು ಬೇಡಪ್ಪ, ಬರೆದದ್ದನ್ನು ಸುಮ್ಮನೆ ತೋರಿಸು ಎಂದು ಅದಕ್ಕೆ ಹೇಳುವ ದಾರಿ ನಮಗಿಬ್ಬರಿಗೂ ಗೊತ್ತಿರಲಿಲ್ಲ. ಕೇಳೋಣವೆಂದರೆ ಠಾಣೆಯಲ್ಲಿ ಅದು ತಿಳಿದ ಇನ್ನೊಬ್ಬರು ನಮಗೆ ಸಿಗಲಿಲ್ಲ.

ಸರ್ ಕಂಡುಹಿಡಿದ ಮೊದಲ ಉಪಾಯ ಫೋಟೊ. ಪ್ರೋಗ್ರಾಮನ್ನು ಪರದೆಯ ಮೇಲೆ ತೆರೆದು, ಅದರ ಚಿತ್ರ ತೆಗೆದು, ಚಿತ್ರವನ್ನೇ ಪುಟಕ್ಕೆ ಅಂಟಿಸುವುದು. ಒಂದು ತಿಂಗಳು ಅದೇ ಮಾಡಿದೆವು. ಕಾಮೋಠೆಯ ಒಬ್ಬ ವಿದ್ಯಾರ್ಥಿ ಪತ್ರ ಬರೆದ: 'ಮೂರನೇ ಪಾಠ ತೆರೆಯಲು ಕೊಟ್ಟು, ಸ್ನಾನ ಮಾಡಿ, ಊಟ ಮಾಡಿ ಬಂದೆ. ಮೇಲಿನ ಅರ್ಧ ಬಂದಿತ್ತು. ಆಗ ಮಾವನ ಫೋನು ಬಂದು ಸಂಪರ್ಕ ಕಡಿಯಿತು. ಕೆಳಗಿನ ಅರ್ಧವನ್ನು ದಯವಿಟ್ಟು ಅಂಚೆಯಲ್ಲಿ ಕಳಿಸಿ.'

ಆಮೇಲೆ ಎಲ್ಲಿಯೋ ಓದಿ ಸರ್ ಇನ್ನೊಂದು ಟ್ಯಾಗ್ ತಂದರು. ಮೂರೇ ಇಂಗ್ಲಿಷ್ ಅಕ್ಷರದ್ದು, ಪ್ರಿ ಎಂದು ಅದರ ಹೆಸರು. ಅದರೊಳಗೆ ಇಟ್ಟದ್ದನ್ನು ಬ್ರೌಸರ್ ಸಾಲು ಸಾಲಾಗಿ, ಬಿಟ್ಟ ಜಾಗ ಬಿಟ್ಟ ಹಾಗೆಯೇ ತೋರಿಸುತ್ತದೆ. ಅದಿಲ್ಲದಿದ್ದರೆ ಹತ್ತು ಸಾಲಿನ ಪ್ರೋಗ್ರಾಂ ಒಂದೇ ಸಾಲಾಗಿ ಬೆಳಗಿನ ಲೋಕಲ್ಲಿನ ಹಾಗೆ ಒತ್ತಿಕೊಂಡು ಬರುತ್ತಿತ್ತು. ಒಂದು ಪಾಠಕ್ಕೆ ಹಾಕಿದೆವು, ಮೇಲ್ನೋಟಕ್ಕೆ ಅಚ್ಚಿನಲ್ಲಿದ್ದಂತೆಯೇ ಬಂತು. ಸರಿ, ಸಮಸ್ಯೆ ತೀರಿತೆಂದು ಸಿ ಭಾಷೆಯ ನಲವತ್ತು ಪಾಠಗಳನ್ನೂ ಹಾಗೇ ಕಟ್ಟಿ ಏರಿಸಿಬಿಟ್ಟೆವು.

ಇಲ್ಲಿ ನನ್ನ ತಪ್ಪು ಬರುತ್ತದೆ. ಇದನ್ನು ಶೆಣೈ ಸರ್ ತಲೆಗೆ ಕಟ್ಟಿದರೆ ಪಾಪ ಬರುತ್ತದೆ. ಆ ನಲವತ್ತು ಪಾಠಗಳ ಪ್ರೂಫನ್ನು ನಾನು ನೋಡಿದ್ದು ನಾನು ಟೈಪ್ ಮಾಡಿದ ಕಡತದಲ್ಲಿ, ಬ್ರೌಸರಿನಲ್ಲಿ ಅಲ್ಲ. ಕಡತದಲ್ಲಿ ಎಲ್ಲ ಸರಿಯಾಗಿತ್ತು. ಒಂದು ಚುಕ್ಕೆ ಆಚೀಚೆ ಇರಲಿಲ್ಲ. ಓದುವವರ ಕಣ್ಣಿಗೆ ಬೀಳುವುದು ಕಡತವಲ್ಲ, ಪುಟ ಎಂಬುದು ಎರಡು ವರ್ಷ ಪ್ರೂಫ್ ನೋಡಿದ ಜಾಣೆಗೆ ಹೊಳೆಯಲಿಲ್ಲ.

ಮಳೆಗಾಲದ ಒಂದು ಸೋಮವಾರ ಕಚೇರಿಗೆ ಒಬ್ಬ ಹೆಂಗಸು ಬಂದಳು. ನನ್ನದೇ ವಯಸ್ಸು, ಮೂವತ್ತೈದರ ಆಸುಪಾಸು. ಒದ್ದೆ ಛತ್ರಿಯನ್ನು ಬಾಗಿಲ ಹೊರಗೆ ನಿಲ್ಲಿಸಿ, ಪ್ಲಾಸ್ಟಿಕ್ ಚೀಲದಿಂದ ಒಂದು ಕಟ್ಟು ಕಾಗದ ತೆಗೆದು ನನ್ನ ಮೇಜಿನ ಮೇಲಿಟ್ಟಳು. ಹಿಂದಿಯಲ್ಲಿ ಶುರು ಮಾಡಿದವಳು, ಮೇಜಿನ ಮೇಲಿದ್ದ ನನ್ನ ಕನ್ನಡ ವಾರಪತ್ರಿಕೆ ಕಂಡು ಭಾಷೆ ಬದಲಿಸಿದಳು.

"ಬಾಯಾರ, ನೀವು ನಮ್ಮ ಕಡೆಯವ್ರೇನ್ರಿ? ಛಲೋ ಆತು. ಜಗಳಾ ಕನ್ನಡದಾಗೇ ಮಾಡ್ತೀನಿ."

ಅವಳ ಹೆಸರು ಶಾಂತಾಬಾಯಿ. ಕಲಬುರಗಿ ಕಡೆಯ ಮನೆತನ, ಈಗಿನ ವಾಸ ಟಿಟ್ವಾಳಾ. ಗಂಡ ಕಲ್ಯಾಣದ ಮಾರ್ಕೆಟ್ಟಿನಲ್ಲಿ ಹಮಾಲಿ. ಅವಳು ಡೊಂಬಿವಲಿಯ ಒಂದು ಬಣ್ಣದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಚಹಾ ಹಂಚುತ್ತಿದ್ದವಳು, ದನಿ ಚೆನ್ನಾಗಿದೆಯೆಂದು ಯಾರೋ ಸಾಹೇಬರು ಟೆಲಿಫೋನ್ ಸ್ವಿಚ್‌ಬೋರ್ಡಿಗೆ ಕೂರಿಸಿದ್ದರು. ಹದಿನಾಲ್ಕು ವರ್ಷ ಅಲ್ಲೇ ಇದ್ದಳು. ಈಗ ಅಲ್ಲಿಗೆ ತಾನಾಗಿ ಕರೆ ಜೋಡಿಸುವ ಯಂತ್ರ ಬರುತ್ತಿತ್ತು. ಇಬ್ಬರು ಆಪರೇಟರುಗಳಿಗೂ ಕಾರ್ಖಾನೆ ಒಂದು ದಾರಿ ತೋರಿಸಿತ್ತು: ನಮ್ಮ ಸಂಸ್ಥೆಯ ಮೊದಲ ಭಾಗ ಕಲಿತು, ಕಾರ್ಖಾನೆಯವರ ಲಿಖಿತ ಪರೀಕ್ಷೆ ಪಾಸಾದರೆ ಕಂಪ್ಯೂಟರ್ ವಿಭಾಗ. ಇಲ್ಲದಿದ್ದರೆ ಮನೆ.

"ನಾ ಫೇಲ್ ಆದೆ" ಎಂದಳು. "ಫೇಲ್ ಆಗಿದ್ದಕ್ಕ ಬಂದಿಲ್ರಿ. ನೀವು ಕಲಿಸಿದ್ದು ಕಲಿಸಿದಂಗ ಬರದು ಫೇಲ್ ಆಗೇನಿ. ಅದಕ್ಕ ಬಂದೀನಿ."

ಅವಳು ಪ್ರತಿ ಭಾನುವಾರ ಟಿಟ್ವಾಳಾದಿಂದ ಕಲ್ಯಾಣಕ್ಕೆ ಬಂದು, ಅಲ್ಲಿಯ ಸೈಬರ್ ಕೆಫೆಯಲ್ಲಿ ನಮ್ಮ ಪಾಠ ತೆರೆಸಿ, ಪ್ರಿಂಟ್ ತೆಗೆಸಿಕೊಂಡು ಹೋಗುತ್ತಿದ್ದಳು. ವಾರವಿಡೀ ಗಾಡಿಯಲ್ಲಿ ಅದನ್ನೇ ಬಾಯಿಪಾಠ ಮಾಡುತ್ತಿದ್ದಳು. ಒಂದು ಹಾಳೆ ತೆಗೆದು ಒಂದು ಜಾಗದ ಮೇಲೆ ಬೆರಳಿಟ್ಟಳು.

"ಇದೊಂದು ಹೇಳ್ರಿ. ಈ ಐಬಿಗ್ ಅಂದ್ರ ಯಾರ್ರೀ?"

ನೋಡಿದೆ. ಒಂದು ಸಾಲಿನ ಕೊನೆಗೆ ibig ಎಂದು ಒಂದು ಪದ ಕೂತಿತ್ತು. ಪ್ರೋಗ್ರಾಂ ಒಂದು ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಹುಡುಕುವುದು. ಅಂಥ ಪದ ನಾನು ಟೈಪ್ ಮಾಡಿದ ನೆನಪೇ ಇರಲಿಲ್ಲ.

"ನಾ ನಿಮಗ ಪತ್ರಾನೂ ಬರದಿದ್ದೆ. ಇಕಾ, ನಿಮ್ಮ ಜವಾಬು."

ಜವಾಬಿನ ಕೆಳಗೆ ಶೆಣೈ ಸರ್ ಸಹಿ. 'ತಾವು ಕೇಳಿದ ಪದವು ಉನ್ನತ ಮಟ್ಟದ ವಿಷಯವಾಗಿದ್ದು ಮುಂದಿನ ಭಾಗದಲ್ಲಿ ವಿವರವಾಗಿ ಬರುತ್ತದೆ. ಸದ್ಯಕ್ಕೆ ಇದ್ದ ಹಾಗೆಯೇ ಕಲಿಯತಕ್ಕದ್ದು.'

ನಾನು ಬ್ರೌಸರಿನಲ್ಲಿ ಆ ಪಾಠ ತೆರೆದೆ. ಪುಟದಲ್ಲೂ ibig. ನನ್ನ ಕಡತ ತೆರೆದೆ. ಅಲ್ಲಿ ಅದಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಬೆರಳು ಹಿಡಿದು ಓದಿದೆ. ಕಡತದಲ್ಲಿ ಒಂದು ಕಡೆ i<n ಎಂದಿತ್ತು. ಮುಂದಿನ ಸಾಲಿನ ನಡುವೆ >big ಎಂದಿತ್ತು. ಮೊದಲನೆಯ ಚೂಪು ಕಂಸ ಕಂಡ ಕೂಡಲೇ ಬ್ರೌಸರ್, ಇದೊಂದು ಟ್ಯಾಗ್ ಶುರುವಾಯಿತು ಎಂದುಕೊಂಡಿದೆ. ಎರಡನೆಯ ಚೂಪು ಸಿಗುವವರೆಗೂ ನಡುವಿನದನ್ನೆಲ್ಲ ಟ್ಯಾಗೆಂದು ಬಗೆದು, ಗೊತ್ತಿಲ್ಲದ ಟ್ಯಾಗಾದ್ದರಿಂದ ಸದ್ದಿಲ್ಲದೆ ನುಂಗಿದೆ. ಒಂದೂವರೆ ಸಾಲು. ಈ ಕಡೆ i ಉಳಿಯಿತು, ಆ ಕಡೆ big ಉಳಿಯಿತು. ಎರಡೂ ಕೂಡಿ ಹುಟ್ಟಿದ ಕೂಸು ಐಬಿಗ್.

ಪ್ರತಿ ಪಾಠದ ಮೊದಲ ಸಾಲೂ ಹಾಗೆಯೇ. #include ಎಂಬುದರ ಮುಂದೆ ಚೂಪು ಕಂಸದೊಳಗೆ ಒಂದು ಹೆಸರು ಇರಬೇಕು. ಪುಟದಲ್ಲಿ #include ಮಾತ್ರ ಇತ್ತು, ಮುಂದೆ ಬಯಲು. ನಲವತ್ತು ಪಾಠಗಳಲ್ಲೂ ಬಯಲು.

"ಶಾಂತಾಬಾಯಿ," ಎಂದೆ, "ಐಬಿಗ್ ಅನ್ನೂದು ಇಲ್ಲವೇ ಇಲ್ಲ."

"ಇಲ್ಲಂದ್ರ? ನಾ ಅದನ್ನ ಹದಿನೈದು ಸಲ ಬರದೀನಲ್ರಿ!"

"ಪುಟ ನಡುವಿಂದ ನುಂಗ್ಯದ. ನಾ ನೋಡಿಲ್ಲ. ನೋಡೂದು ನನ್ನ ಕೆಲಸ. ತಪ್ಪು ನಂದು."

ಅವಳು ನನ್ನ ಮುಖ ನೋಡುತ್ತ ಕೂತಳು. ಜಗಳಕ್ಕೆ ತಯಾರಾಗಿ ಬಂದವಳಿಗೆ ಎದುರು ಯಾರೂ ಸಿಗಲಿಲ್ಲವಲ್ಲ, ಆ ಗಲಿಬಿಲಿ. ಕೊನೆಗೆ, "ಒಂದೀಟು ನೀರು ಕೊಡ್ರಿ" ಎಂದಳು.

ಶೆಣೈ ಸರ್ ಬಂದ ಮೇಲೆ ಎಲ್ಲ ಹೇಳಿದೆ. ತಪ್ಪು ನಮ್ಮದೆಂದು ಕಾರ್ಖಾನೆಗೆ ಒಂದು ಪತ್ರ ಕೊಡೋಣ ಎಂದದ್ದಕ್ಕೆ ಅವರ ಟೈ ಭುಜದಿಂದ ಕೆಳಗೆ ಬಿತ್ತು.

"ಎಂತ ಮಾತಾಡ್ತೀರಿ ಮಾರಾಯ್ರೆ? ಹಾಗೆ ಬರೆದು ಕೊಟ್ರೆ ನಾಳೆ ಫೇಲ್ ಆದವರೆಲ್ಲ ಬಂದು ಸಾಲು ನಿಲ್ತಾರೆ. ಪಾಠ ಸರಿ ಮಾಡುವ, ಅಷ್ಟು ಸಾಕು."

"ಸರ್, ನಿಮ್ಮ ಸಹಿ ಇದ್ದ ಪತ್ರ ಅವರ ಚೀಲದಾಗ ಅದರಿ. ಉನ್ನತ ಮಟ್ಟದ ವಿಷಯ ಅಂತ ಬರದೀರಿ."

ಸರ್ ಆ ಪತ್ರವನ್ನು ಇಸಿದುಕೊಂಡು ಓದಿದರು. ಕಿವಿ ಕೆಂಪಾಯಿತು. ಅವರ ದೊಡ್ಡತನ ಒಂದು ಹೇಳಬೇಕು. ನಾಚಿಕೆಯಾದ ಮೇಲೆ ಅವರು ವಾದ ಬೆಳೆಸುತ್ತಿರಲಿಲ್ಲ. "ನಾಳೆ ನಾನೇ ಬರ್ತೇನೆ" ಎಂದು ಒಂದು ಫ್ಲಾಪಿ ಹುಡುಕಿ ಜೇಬಿಗೆ ಹಾಕಿಕೊಂಡರು.

ಮರುದಿನ ನಾವು ಮೂವರೂ ಕಾರ್ಖಾನೆಯ ಪರ್ಸನೆಲ್ ಆಫೀಸರ್ ದಾಮಲೆ ಸಾಹೇಬರ ಎದುರು ಕೂತಿದ್ದೆವು. ದಾಮಲೆ ಸಾಹೇಬರು ದೊಡ್ಡ ಮೀಸೆಯ, ಸಣ್ಣ ದನಿಯ ಮನುಷ್ಯ. ನಾನು ನಮ್ಮ ತಪ್ಪೊಪ್ಪಿಗೆಯ ಪತ್ರ ಕೊಟ್ಟು, ನಮ್ಮ ಪುಟ ಸಾಲುಗಳನ್ನು ನುಂಗಿದ್ದರಿಂದ ಈಕೆ ಫೇಲಾಗಿದ್ದಾಳೆ ಎಂದೆ. ಸಾಹೇಬರು ಹಿಂದಿಯಲ್ಲಿ ಬಹಳ ಸಮಾಧಾನದಿಂದ ಹೇಳಿದರು: "ನನ್ನ ಮಗನ ಲೆಕ್ಕದ ವಹಿಯನ್ನು ನಾಯಿ ತಿಂದಿತ್ತು. ಈಗ ಕಂಪ್ಯೂಟರೂ ತಿನ್ನುತ್ತದೆಯೆ?"

ಇನ್ನೊಬ್ಬ ಆಪರೇಟರ್ ಪಾಸಾಗಿದ್ದಾಳಲ್ಲ ಎಂಬುದು ಅವರ ಎರಡನೆಯ ಪ್ರಶ್ನೆ. ಅದಕ್ಕೆ ಶಾಂತಾಬಾಯಿಯೇ ಉತ್ತರಿಸಿದಳು. ಆಕೆ ತನ್ನ ನಾದಿನಿಯ ಹಳೆಯ ಅಚ್ಚಿನ ಪುಸ್ತಿಕೆ ಓದಿದ್ದಳಂತೆ. ಆ ಪುಸ್ತಿಕೆಯ ಪ್ರೂಫ್ ನೋಡಿದವಳು ನಾನೇ. ನನ್ನ ಒಂದು ಕೈ ಒಬ್ಬಳನ್ನು ಪಾಸು ಮಾಡಿತ್ತು, ಇನ್ನೊಂದು ಕೈ ಇನ್ನೊಬ್ಬಳನ್ನು ಕೆಡವಿತ್ತು.

ಶೆಣೈ ಸರ್ ಎದ್ದು ಸಾಹೇಬರ ಮೇಜಿನ ಕಂಪ್ಯೂಟರ್ ಕಡೆ ಕೈ ತೋರಿಸಿದರು. "ಸಾಹೇಬರೇ, ಐದು ನಿಮಿಷ ಕೊಡಿ. ನಿಮ್ಮ ಹೆಸರು ನೀವೇ ಟೈಪ್ ಮಾಡಿ."

ಸಾಹೇಬರು ಎರಡು ಬೆರಳಿನಲ್ಲಿ ತಮ್ಮ ಪೂರ್ತಿ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಎಲ್ಲ ಟೈಪ್ ಮಾಡಿದರು. ಸರ್ ಅದನ್ನು ತಾವು ತಂದ ಫ್ಲಾಪಿಯಲ್ಲಿ ಪುಟವಾಗಿ ಉಳಿಸಿ ಬ್ರೌಸರಿನಲ್ಲಿ ತೆರೆದರು. ಹೆಸರು ಬಂತು. ಸಾಹೇಬರ ಮೀಸೆ ಸ್ವಲ್ಪ ಅರಳಿತು. ಆಮೇಲೆ ಸರ್, "ಈಗ ಹೆಸರಿನ ಮೊದಲಿಗೆ ಒಂದು ಚೂಪು, ಕೊನೆಗೆ ಒಂದು ಚೂಪು ಹಾಕಿ. ಒಂದು ಅಕ್ಷರವನ್ನೂ ಅಳಿಸಬೇಡಿ" ಎಂದರು. ಸಾಹೇಬರು ಹಾಕಿದರು. ಮತ್ತೆ ಪುಟ ತೆರೆದರು.

ಬಿಳಿ ಪರದೆ. ಅಪ್ಪನಿಲ್ಲ, ಮನೆತನವಿಲ್ಲ, ಸಾಹೇಬರೂ ಇಲ್ಲ.

"ಮಾಝಂ ನಾವ್ ಕುಠೇ ಗೇಲಂ?" ಎಂದರು ದಾಮಲೆ ಸಾಹೇಬರು. ನನ್ನ ಹೆಸರು ಎಲ್ಲಿ ಹೋಯಿತು ಎಂದು ಒಬ್ಬ ಅಧಿಕಾರಿ ಅಷ್ಟು ದಿಗಿಲಿನಿಂದ ಕೇಳಿದ್ದನ್ನು ನಾನು ಮತ್ತೆ ಕಂಡಿಲ್ಲ. ಕಡತ ತೆರೆದು ನೋಡಿದರು, ಹೆಸರು ಅಲ್ಲೇ ಇದೆ. ಪುಟಕ್ಕೆ ಬಂದರು, ಇಲ್ಲ. ಮೂರು ಸಲ ಹೀಗೆ ಹೋಗಿ ಬಂದರು. ಆಮೇಲೆ ಬೆನ್ನು ಕುರ್ಚಿಗೆ ಆನಿಸಿ ಶಾಂತಾಬಾಯಿಯನ್ನು ನೋಡಿದರು.

"ಹದಿನೈದು ದಿನ ಬಿಟ್ಟು ಮತ್ತೆ ಪರೀಕ್ಷೆ. ಬೇರೆ ಪ್ರಶ್ನೆಪತ್ರಿಕೆ. ಅಷ್ಟರಲ್ಲಿ ಇವರು ಪಾಠ ಸರಿ ಮಾಡಲಿ." ಹೊರಡುವಾಗ ಸಣ್ಣ ದನಿಯಲ್ಲಿ ಸರ್‌ಗೆ ಇನ್ನೊಂದು ಮಾತು ಹೇಳಿದರು: "ಆ ಚೂಪು ತೆಗೆದು ಹೋಗಿ."

ಹದಿನೈದು ದಿನದಲ್ಲಿ ನಲವತ್ತು ಪಾಠ. ಚೂಪನ್ನು ತೋರಿಸಬೇಕಾದರೆ ಅದನ್ನೇ ಬರೆಯಬಾರದು, ಅದರ ಬದಲಿಗೆ &lt; ಎಂದು ಬರೆಯಬೇಕು, ಬ್ರೌಸರ್ ಅದನ್ನು ಚೂಪಾಗಿ ತೋರಿಸುತ್ತದೆ ಎಂದು ಅಷ್ಟರಲ್ಲಿ ಸರ್ ಪತ್ತೆ ಮಾಡಿದ್ದರು. ಆ ಕಡೆಯ ಚೂಪಿಗೆ &gt;. ಮತ್ತೆ & ಎಂಬ ಗುರುತಿಗೂ ಅದರದೇ ಒಂದು ಬದಲಿ ಬರಹ, &amp; ಎಂದು. ಬೀಸಣಿಗೆಯ ಕೆಳಗೆ ಕೂತು ನಾನು ಒಂದೇ ಸಮ ಬದಲಿಸಿದೆ: ಮೊದಲು ಚೂಪುಗಳು, ಕೊನೆಗೆ &. ಶನಿವಾರ ಸಂಜೆಗೆ ನಲವತ್ತೂ ಮುಗಿಸಿ ಏರಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು ಗಾಡಿ ಹಿಡಿದೆ.

ಭಾನುವಾರ ಮಧ್ಯಾಹ್ನ ನಮ್ಮ ಪಕ್ಕದ ಮನೆಯ ಫೋನಿಗೆ ಕರೆ ಬಂತು. ಕಲ್ಯಾಣದಿಂದ ಶಾಂತಾಬಾಯಿ.

"ಅಕ್ಕಾರ, ಈಗ ಎಲ್ಲಿ ನೋಡಿದ್ರೂ ಎಲ್.ಟಿ. ಎಲ್.ಟಿ. ಅಂತ ಬರಲಿಕತ್ತದ. ಎಲ್.ಟಿ. ಅಂದ್ರ ಲೇಟ್ ಅಂತೇನ್ರಿ, ನಮ್ಮ ಟಿಟ್ವಾಳಾ ಗಾಡಿಯಂಗ?"

ಫೋನು ಹಿಡಿದುಕೊಂಡೇ ನಾನು ಹಣೆ ಚಚ್ಚಿಕೊಂಡೆ. ಚೂಪುಗಳನ್ನು ಮೊದಲು ಬದಲಿಸಿದ್ದರಿಂದ ಕಡತದ ತುಂಬ ಹೊಸ & ಗುರುತುಗಳು ಹುಟ್ಟಿದ್ದವು. ಆಮೇಲೆ & ಬದಲಿಸಿದಾಗ ಆ ಹೊಸವೂ ಬದಲಾಗಿ, ಬ್ರೌಸರ್ ಚೂಪು ತೋರಿಸುವ ಬದಲು ಬದಲಿ ಬರಹವನ್ನೇ ತೋರಿಸುತ್ತಿತ್ತು. & ಮೊದಲು, ಚೂಪು ಆಮೇಲೆ. ನೀವು ಇಷ್ಟು ಹೊತ್ತು ಓದಿದ್ದರಲ್ಲಿ ಒಂದೇ ಒಂದು ಸಾಲು ನೆನಪಿಟ್ಟುಕೊಳ್ಳುವುದಾದರೆ ಅದು ಇದು. ಈಗ ಯಂತ್ರವೇ ಮಾಡುತ್ತದೆ ಎನ್ನುತ್ತೀರಿ, ಗೊತ್ತು. ಯಂತ್ರಕ್ಕೆ ಹೇಳಿಕೊಟ್ಟವರೂ ಒಮ್ಮೆ ಹಣೆ ಚಚ್ಚಿಕೊಂಡೇ ಇರುತ್ತಾರೆ.

ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು. ಈ ಸಲ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಅಚ್ಚಿನ ಮನೆಗಳಲ್ಲಿ ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಿ, ಇನ್ನೊಬ್ಬರು ಪ್ರೂಫ್ ನೋಡುವ ಹಳೆಯ ಪದ್ಧತಿ ಇತ್ತು. ಕಾರ್ಖಾನೆಯ ಪಾಳಿ ಮುಗಿಸಿ ಶಾಂತಾಬಾಯಿ ದಿನಾ ಸಂಜೆ ಠಾಣೆಗೆ ಬಂದಳು. ಹಳೆಯ ಪುಸ್ತಿಕೆ ಅವಳ ಕೈಯಲ್ಲಿ, ಬ್ರೌಸರಿನ ಪುಟ ನನ್ನ ಎದುರು. ಕಡತವನ್ನು ಮುಚ್ಚಿಯೇ ಇಟ್ಟಿದ್ದೆ.

"ಹ್ಯಾಶ್, ಇನ್‌ಕ್ಲೂಡ್, ಚೂಪು ಬಿಚ್ಚು... ಚೂಪು ಮುಚ್ಚು. ಮುಂದಿನ ಸಾಲು. ಎರಡು ಖಾಲಿ ಮನಿ ಬಿಟ್ಟು..."

ಹದಿನಾಲ್ಕು ವರ್ಷ ಫೋನಿನಲ್ಲಿ ಅಂಕಿ ಹೇಳಿದ ದನಿ. ಒಂದು ಗುರುತೂ ಇನ್ನೊಂದಕ್ಕೆ ತಾಗುತ್ತಿರಲಿಲ್ಲ. ಓದುತ್ತ ಓದುತ್ತ ಅವಳು ನಡುವೆ ನಿಲ್ಲಿಸಿ, "ಓಹೋ, ಇದು ದೊಡ್ಡದಿದ್ರ ಅದನ್ನ ತಗದು ಇದನ್ನ ಇಡೂದು! ನಮ್ಮ ಮನ್ಯಾವ್ರು ಬದನಿಕಾಯಿ ಆರಸ್ತಾರಲ್ರಿ, ಹಂಗ" ಎಂದು ತನಗೇ ಹೇಳಿಕೊಳ್ಳುವಳು. ಅರ್ಥವಾಗುವವರು ಪ್ರೂಫಿಗೆ ಕೆಲಸಕ್ಕೆ ಬಾರರು ಎಂಬ ಸರ್ ಸಿದ್ಧಾಂತ ಅವಳ ಮುಂದೆ ನಿಲ್ಲಲಿಲ್ಲ. ಅರ್ಥವಾಗಿಯೂ ಅವಳು ಒಂದು ಚುಕ್ಕೆ ಬಿಡುತ್ತಿರಲಿಲ್ಲ. ಏಳನೆಯ ಸಂಜೆ ನಲವತ್ತನೆಯ ಪಾಠ ಮುಗಿಯಿತು. ಅವಳಿಗೆ ಇದು ಎರಡನೆಯ ಸಲದ ಪೂರ್ತಿ ಓದಾಯಿತು. ನನಗೆ ಜೀವಮಾನದಲ್ಲಿ ಮೊದಲ ಸಲ ಸಿ ಭಾಷೆ ಅರ್ಥವಾಯಿತು.

ಅವಳು ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದ ವಾರ ಶೆಣೈ ಸರ್ ಸುಮ್ಮನಿರಲಿಲ್ಲ. "ಇಷ್ಟು ಕಷ್ಟ ಎಂತಕ್ಕೆ? ಪ್ರೋಗ್ರಾಮಿನ ಕಡತವನ್ನೇ ಸರ್ವರ್ ಮೇಲೆ ಇಡುವ. ಕ್ಲಿಕ್ ಮಾಡಿದವರಿಗೆ ಸಾದಾ ಅಕ್ಷರದಲ್ಲಿ ಹಾಗೇ ಕಾಣ್ತದೆ" ಎಂದರು. ಪ್ರಯೋಗಕ್ಕೆ ತಾವೇ ಬರೆದ ಒಂದು ಪ್ರೋಗ್ರಾಂ ಆರಿಸಿದರು. ಅದು ನಮ್ಮ ಎಲ್ಲ ವಿದ್ಯಾರ್ಥಿಗಳ ಇ-ಮೇಲ್ ವಿಳಾಸಕ್ಕೂ ಹೊಸ ವರ್ಷದ ಶುಭಾಶಯ ಕಳಿಸುವ ಪ್ರೋಗ್ರಾಂ. 'ಕೋಡ್ ನೋಡಲು ಇಲ್ಲಿ ಒತ್ತಿ' ಎಂದು ಪುಟದಲ್ಲಿ ಬರೆದರು.

ಅದು ಕಾಣಲಿಲ್ಲ, ಓಡಿತು. ಸರ್ವರಿಗೆ ಅದು ತೋರಿಸುವ ಬರಹವೋ ಮಾಡುವ ಕೆಲಸವೋ ಎಂದು ಯಾರೂ ಹೇಳಿರಲಿಲ್ಲ. ಒಬ್ಬ ವಿದ್ಯಾರ್ಥಿ ಕುತೂಹಲದಿಂದ ಒತ್ತಿದರೆ ಎಲ್ಲರಿಗೂ ಒಂದು ಶುಭಾಶಯ. ಏನಿದು ಎಂದು ಇನ್ನೊಬ್ಬ ಬಂದು ಒತ್ತಿದರೆ ಎಲ್ಲರಿಗೂ ಇನ್ನೊಂದು. ಜಡಿಮಳೆಯಲ್ಲಿ ಸಾನಪಾಡಾದಿಂದ ಟಿಟ್ವಾಳಾವರೆಗೆ ನಮ್ಮ ವಿದ್ಯಾರ್ಥಿಗಳೆಲ್ಲ ದಿನವಿಡೀ ಹೊಸ ವರ್ಷ ಆಚರಿಸಿದರು. ಕೆಲವರು ಸೌಜನ್ಯಕ್ಕೆ ತಿರುಗಿ ಶುಭ ಕೋರಿದರು. ಸರ್ ಆ ಕಡತ ತೆಗೆದು ಹಾಕಿ, ಹೆಸರಿನ ಕೊನೆಯ ಅಕ್ಷರಗಳನ್ನು ಬದಲಿಸಿ, ಸಾದಾ ಬರಹದ ಕಡತವಾಗಿ ಮತ್ತೆ ಇಟ್ಟ ಮೇಲೆ ಅದು ಓಡುವುದನ್ನು ಬಿಟ್ಟು ಕಾಣತೊಡಗಿತು.

ಮರುದಿನ ಬಾಗಿಲ ಹೊರಗೆ ಒದ್ದೆ ಛತ್ರಿ ನಿಲ್ಲಿಸಿದ ಸದ್ದಾಯಿತು. ಶಾಂತಾಬಾಯಿ ಒಳಗೆ ಬಂದಳು. ಮುಖ ನೋಡಿದರೆ ಏನೂ ಗೊತ್ತಾಗುವಂತಿರಲಿಲ್ಲ. ಫೋನಿನವರಿಗೆ ಮುಖದಿಂದ ಮಾತಾಡಿ ಅಭ್ಯಾಸವಿರುವುದಿಲ್ಲ.

"ಶೆಣೈ ಸಾಹೇಬ್ರ, ನಿಮ್ಮ ಶುಭಾಶಯ ಹನ್ನೊಂದು ಬಂದಾವ್ರಿ" ಎಂದಳು.

ಸರ್ ಟೈ ಸರಿ ಮಾಡಿಕೊಳ್ಳುತ್ತ ಗೋಡೆ ನೋಡಿದರು. "ಪರೀಕ್ಷೆ ಎಂತ ಆಯ್ತು, ಅದು ಹೇಳಿ."

"ಪಾಸ್ ಆಗೇನ್ರಿ. ಒಂದನೇ ತಾರೀಖಿಗೆ ಕಂಪ್ಯೂಟರ್ ವಿಭಾಗಕ್ಕ ಹಾಜರಾಗಬೇಕು. ದಾಮಲೆ ಸಾಹೇಬ್ರು ಹೇಳ್ಯಾರ, ಪಟ್ಟಿಯಾಗ ನಿನ್ನ ಹೆಸರು ಸರಿಯಾಗಿ ಬಂದದೋ ಇಲ್ಲೋ ನೋಡ್ಕೊ ಅಂತ."

ಸರ್ ಜೋರಾಗಿ ನಕ್ಕು, ಚಹಾ ಹೇಳಲು ತಾವೇ ಮೆಟ್ಟಿಲಿಳಿದು ಹೋದರು. ನಾನು ಕುರ್ಚಿ ಎಳೆದು ಅವಳನ್ನು ಕೂರಿಸಿದೆ. ನನ್ನ ಕಣ್ಣು ತುಂಬಿದ್ದನ್ನು ಅವಳು ನೋಡಿಯೂ ನೋಡದ ಹಾಗೆ ಮಾಡಿದಳು.

"ಅಕ್ಕಾರ, ಅವತ್ತ ನಾ ನಿಮ್ಮ ಕೂಡ ಜಗಳಾ ಆಡಬೇಕಂತ ಟಿಟ್ವಾಳಾದಿಂದ ಠಾಣೆತನಕ ಮಾತು ಜೋಡಿಸ್ಕೊಂಡು ಬಂದಿದ್ದೆ. ಒಂದೂ ಆಡ್ಲಿಲ್ಲ."

"ಆಡಬೇಕಾಗಿತ್ತು."

"ಹೆಂಗ ಆಡೂದ್ರಿ? ತಪ್ಪು ನಂದು ಅಂದ್ಬಿಟ್ರಿ. ಹದಿನಾಲ್ಕು ವರ್ಷ ಫೋನಿನ ಮ್ಯಾಲ ಕೂತೀನಿ, ಆ ಮಾತು ಯಾರ ಬಾಯಾಗೂ ಕೇಳಿದ್ದಿಲ್ಲ. ರಾಂಗ್ ನಂಬರ್ ತಾವೇ ಹಚ್ಚಿ, ಅದಕ್ಕೂ ನನಗ ಬೈತಿದ್ರು."

ಮೆಟ್ಟಿಲ ಮೇಲೆ ಗಾಜಿನ ಲೋಟಗಳ ಸದ್ದು ಕೇಳಿಸಿತು. ಅವಳು ಸೆರಗಿನಿಂದ ಮುಖದ ಮೇಲಿನ ಮಳೆನೀರು ಒರೆಸಿಕೊಂಡು, ಚಹಾಕ್ಕೆ ಮೇಜಿನ ಮೇಲೆ ಜಾಗ ಮಾಡಲೆಂದು ನನ್ನ ಪ್ರೂಫ್ ಹಾಳೆಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕೆ ಇಡತೊಡಗಿದಳು.